ಬಳೆಗೆ ತಿಳಿಯದ ಮಾತು

ಬೀಗ ಎಷ್ಟೇ ಗಟ್ಟಿಯಿದ್ದರೂ ಅದನ್ನು ತೆಗೆಯಬೇಕಾದವರು ಮನುಷ್ಯರೇ ತಾನೇ? ಇಷ್ಟು ಸಣ್ಣ ವಿಷಯ ದಾವಣಗೆರೆಯ ವಂಶವಾಹಿ ಆರೈಕೆ ಕೇಂದ್ರದ ದೊಡ್ಡ ದೊಡ್ಡ ತಲೆಗಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಕಡತ ವಿಭಾಗದ ಮೂಲೆಯಲ್ಲಿ ಬೆನ್ನು ಬಗ್ಗಿಸಿ ಕೂತಿದ್ದ ನೀಲಾಂಬಿಕೆಗೆ. ಅವಳನ್ನು ಎಲ್ಲರೂ ನೀಲಾ ಎಂದೇ ಕರೆಯುತ್ತಿದ್ದರು.

ಕೇಂದ್ರದ ಕೆಲಸವೇನೆಂದು ಮೊದಲು ಹೇಳಿಬಿಡಬೇಕು. ಹುಟ್ಟುತ್ತಲೇ ವಂಶವಾಹಿಯಲ್ಲಿ ಏನೋ ಒಂದು ಕೊರತೆ ಹೊತ್ತು ಬಂದ ಮಕ್ಕಳು ಸುತ್ತಲ ಜಿಲ್ಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು. ಒಂದು ಮಗುವಿಗೆ ಬೇಳೆಯೇ ವಿಷ, ಇನ್ನೊಂದಕ್ಕೆ ಹಾಲು. ಪ್ರತಿ ಮಗುವಿಗೂ ಕೇಂದ್ರದಲ್ಲಿ ಒಂದು ಕಡತ. ಕಡತವೆಂದರೆ ಕಾಗದದ ಕಟ್ಟಲ್ಲ. ಬೆಳಗ್ಗೆ ಬೆರಳಿಂದ ತೆಗೆದ ಒಂದು ಹನಿ ರಕ್ತದ ಲೆಕ್ಕ ತಗೊಂಡು, ಇವತ್ತು ಈ ಮಗುವಿಗೆ ಯಾವುದು ಎಷ್ಟು ಗ್ರಾಂ ಎಂದು ತಾನೇ ಹೇಳುವ ಕಡತ. ಅದನ್ನು ನೋಡಿ, ಅಳೆದು, ಬೇಯಿಸಿ, ಮಗುವಿಗೆ ತಿನ್ನಿಸಿ ಬರಲು ಊರೂರಲ್ಲಿ ನಲವತ್ತಮೂರು ಹೆಂಗಸರಿದ್ದರು. ಸರ್ಕಾರದ ಆದೇಶದಲ್ಲಿ ಅವರು 'ಆಹಾರ ಸಹಾಯಕಿ'ಯರು. ಜನರ ಬಾಯಲ್ಲಿ ಅಳತೆಯಮ್ಮಂದಿರು.

ಮೂರು ವರ್ಷದ ಹಿಂದೆ ಒಂದು ಹುಡುಗಿಯ ಕಡತ ಕಳುವಾಗಿತ್ತು. ಕದ್ದವರು ಯಾರೆಂದುಕೊಂಡಿರಿ? ಮದುವೆ ದಲ್ಲಾಳಿಗಳು. ಆ ಕಾಲಕ್ಕೆ ಜಾತಕ ಕೇಳುವವರು ಕಡಿಮೆಯಾಗಿ ವಂಶವಾಹಿ ಕೇಳುವವರು ಹೆಚ್ಚಾಗಿದ್ದರು. ಹುಡುಗಿಯ ನಿಶ್ಚಿತಾರ್ಥ ಮುರಿಯಿತು, ಅವಳ ತಂಗಿಯದೂ ಮುರಿಯಿತು. ಆ ಹುಡುಗಿಗೆ ಹಸುಗೂಸಿನಿಂದ ಚಿಕಿತ್ಸೆ ಕೊಟ್ಟಿದ್ದವರು ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಪಂಚಾಕ್ಷರಿ. ಅವರು ಹುಡುಗಿಯ ತಂದೆಯ ಮುಂದೆ ಕೈಮುಗಿದು ನಿಂತು ಬಂದರು. ಬಂದವರೇ ಕಡತಗಳಿಗೆ ಹನ್ನೆರಡು ಮೆಟ್ಟಿಲಿನ ಬೀಗ ಹಾಕಿಸಿದರು. ಗುಪ್ತಪದ, ಅದು ಆದ ಮೇಲೆ ಸಂಖ್ಯೆ, ಆಮೇಲೆ ಬೆರಳಚ್ಚು, ಆಮೇಲೆ ಎಂಥದ್ದೋ ಚಿತ್ರಗಳಲ್ಲಿ ಬಸ್ಸು ಯಾವುದು ಸೇತುವೆ ಯಾವುದು ಎಂದು ಗುರುತಿಸುವುದು.

ಅಳತೆಯಮ್ಮಂದಿರು ಸುಸ್ತಾಗಿ ಹೋದರು. ಬೆಳಗ್ಗೆ ಮಗು ಹಸಿದು ಅಳುತ್ತಿದ್ದರೆ ಇವರು ಸೇತುವೆ ಹುಡುಕುತ್ತ ಕೂರಬೇಕು. ಪಾತ್ರೆ ತಿಕ್ಕಿ ತಿಕ್ಕಿ ಬೆರಳ ಗೆರೆಯೇ ಸವೆದವರಿಗೆ ಬೆರಳಚ್ಚು ಎಲ್ಲಿಂದ ಬರಬೇಕು? ಕೊನೆಗೆ ಅವರವರ ದಾರಿ ಅವರು ಕಂಡುಕೊಂಡರು. ಒಬ್ಬಳು ಗುಪ್ತಪದವನ್ನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಳು, ಇನ್ನೊಬ್ಬಳು ಅಳಿಯನಿಗೆ ಬಾಯಿಪಾಠ ಮಾಡಿಸಿದಳು, ಹರಿಹರದ ಕಡೆಯ ಆರು ಮಂದಿ ಸೇರಿ ಒಂದೇ ಗುಪ್ತಪದದಲ್ಲಿ ಸಂಸಾರ ಮಾಡಿದರು. ಬೀಗ ಗಟ್ಟಿಯಾದಷ್ಟೂ ಬಾಗಿಲು ಸಡಿಲವಾಗುತ್ತಾ ಹೋಯಿತು.

ನೀಲಾಳ ಅವ್ವ ಅಕ್ಕನಾಗಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಬಿಸಿಯೂಟ ಮಾಡಿದವಳು. ಒಂದು ದಿನ ಪಿಂಚಣಿ ಯಂತ್ರ ಅವಳ ಬೆರಳನ್ನು ಏಳು ಸಲ ಒತ್ತಿಸಿಕೊಂಡು, ನೀನು ನೀನಲ್ಲ ಎಂದು ಹೇಳಿ ಕಳಿಸಿತು. ಅವ್ವ ಮನೆಗೆ ಬಂದು ಕಣ್ಣು ಒರೆಸಿಕೊಂಡಳು. ಬೆರಳು ಸವೆದರೇನು, ನಾಡಿ ಸವೆಯುವುದಿಲ್ಲವಲ್ಲ ಎಂದು ನೀಲಾಳಿಗೆ ಅನ್ನಿಸಿದ್ದು ಆವತ್ತು. ಪ್ರತಿಯೊಬ್ಬರ ಎದೆ ಬಡಿಯುವ ಬಗೆಯೇ ಬೇರೆ. ಆ ಬಡಿತ ಮತ್ತು ದನಿ ಎರಡನ್ನೂ ಸೇರಿಸಿ ಕೈಗೆ ತೊಡುವಂಥ ಅರ್ಧ ಬೀಗದಕೈ ಮಾಡಬಹುದು, ಉಳಿದರ್ಧ ಕೇಂದ್ರದಲ್ಲಿರಬಹುದು. ಎರಡೂ ಕೂಡಿದಾಗ ಕಡತ ತೆರೆಯುತ್ತದೆ, ತೊಟ್ಟದ್ದನ್ನು ಕೈಯಿಂದ ತೆಗೆದರೆ ಮಾಯವಾಗುತ್ತದೆ. ನೆನಪಿಡುವ ಗೋಜಿಲ್ಲ, ಒತ್ತುವ ಗೋಜಿಲ್ಲ. ಎರಡು ವರ್ಷ ಗುದ್ದಾಡಿ ಅವಳು ಅದನ್ನು ಒಂದು ಹಸಿರು ಬಳೆಯೊಳಗೆ ಕೂರಿಸಿದಳು.

ಬಳೆಗೆ ಮೂರೇ ಮಾತು. ಹಳ್ಳಿಗಳಲ್ಲಿ ಅಂತರ್ಜಾಲ ನಿಧಾನ, ಕಡತ ಬಂದು ಮುಟ್ಟಲು ಮೂರು ನಾಲ್ಕು ನಿಮಿಷ ಬೇಕು. ಅದಕ್ಕೇ ದಾರಿಯಲ್ಲಿ ಬರುತ್ತಿರುವಾಗಲೇ 'ಬರ್ತೀನಿ' ಅಂದರೆ ಕಡತ ಹೊರಟು ಬಂದು ಬಾಗಿಲಲ್ಲಿ ಕಾಯುತ್ತದೆ. ಮನೆಯೊಳಗೆ ಕಾಲಿಟ್ಟು 'ಬಂದೆ' ಅಂದರೆ ತೆರೆಯುತ್ತದೆ. ಕೆಲಸ ಮುಗಿದ ಮೇಲೆ 'ಹೋಗ್ತೀನಿ' ಅಂದರೆ ಮುಚ್ಚುತ್ತದೆ. ಪ್ರಯೋಗಾಲಯದ ಆರು ಮಂದಿ ಈ ಮೂರೂ ಮಾತನ್ನು ಚೀಟಿ ನೋಡಿಕೊಂಡು ಇನ್ನೂರು ಇನ್ನೂರು ಸಲ ಓದಿದರು, ಬಳೆ ಒಂದು ಸಲವೂ ತಪ್ಪಲಿಲ್ಲ. ನಲವತ್ತಮೂರು ಅಳತೆಯಮ್ಮಂದಿರನ್ನೂ ಕರೆಸಿ, ಊಟ ಹಾಕಿ, ಬಳೆ ತೊಡಿಸಿ, ಮೂರು ಮಾತು ಹೇಳಿಕೊಟ್ಟರು. ಎಲ್ಲರೂ ತಲೆಯಾಡಿಸಿದರು. ಮೊದಲ ವಾರ ಹಳ್ಳಿಗಳಿಂದ ಬಂದ ಹಾರೈಕೆ ಕೇಳಿ ನೀಲಾ ನೆಲದ ಮೇಲೆ ನಡೆಯಲಿಲ್ಲ.

ಹದಿನೈದನೆಯ ದಿನ, ಮಂಗಳವಾರ ಬೆಳಗ್ಗೆ ಹತ್ತೂವರೆಗೆ, ನಿಯಂತ್ರಣ ಕೋಣೆಯಲ್ಲಿ ಗಂಟೆ ಹೊಡೆಯಿತು.

ಕೋಣೆಯ ಗೋಡೆಯ ತುಂಬ ಒಂದು ಪರದೆ, ಅದರ ಮೇಲೆ ನಲವತ್ತಮೂರು ದೀಪ, ಒಂದೊಂದು ಬಳೆಗೆ ಒಂದೊಂದು. ಕಡತ ಬಾಗಿಲಲ್ಲಿ ಕಾಯುತ್ತಿದ್ದರೆ ಹಳದಿ, ತೆರೆದಿದ್ದರೆ ಹಸಿರು, ಮುಚ್ಚಿದ್ದರೆ ಕತ್ತಲು. ನೀಲಾ ಓಡಿ ಬಂದು ನೋಡುವಷ್ಟರಲ್ಲಿ ಅಷ್ಟೂ ಕೆಂಪಾಗಿದ್ದವು. ಕಾವಲು ತಂತ್ರಾಂಶ ಹದಿನೈದು ದಿನದಿಂದ ಸದ್ದಿಲ್ಲದೆ ಒಂದು ಲೆಕ್ಕ ಇಟ್ಟಿತ್ತು. ಯಾರೋ ಕಡತಗಳನ್ನು ಬಾಗಿಲ ತನಕ ಕರೆಸುತ್ತಾರೆ, ಆಮೇಲೆ ಒಳಗೆ ಬರುವುದೇ ಇಲ್ಲ. ಒಂದು ಗಂಟೆ ಕಾದು ಕಡತ ತಾನೇ ವಾಪಸು ಹೋಗುತ್ತದೆ. ಇದು ದಿನಾ ಆಗುತ್ತಿದೆ, ಎಲ್ಲ ಬಳೆಯಲ್ಲೂ ಆಗುತ್ತಿದೆ. ಇಂಥ ಸುಳ್ಳು ಕರೆಗಳು ಎರಡೂವರೆ ಸಾವಿರ ದಾಟಿದ ಕೂಡಲೇ ತಂತ್ರಾಂಶ ಇದನ್ನು ಕಳ್ಳರ ದಾಳಿ ಎಂದು ತೀರ್ಮಾನಿಸಿ ಇಡೀ ಕೇಂದ್ರಕ್ಕೆ ಮುದ್ರೆ ಹಾಕಿಬಿಟ್ಟಿತು. ಇನ್ನು ಕಡತ ಅಳತೆಯಮ್ಮಂದಿರಿಗೂ ಇಲ್ಲ, ಡಾಕ್ಟರುಗಳಿಗೂ ಇಲ್ಲ.

ಮುದ್ರೆಯ ನಿಯಮ ಬರೆದವರು ಪಂಚಾಕ್ಷರಿಗಳೇ. ಕಾರಣ ಪತ್ತೆಯಾಗಿ, ಇಬ್ಬರು ಅದನ್ನು ಕಣ್ಣಾರೆ ಕಂಡು, ಬರೆದು ಸಹಿ ಮಾಡುವ ತನಕ ಒಂದು ಕಡತವೂ ತೆರೆಯಬಾರದು. ಅವರು ಬಂದು ಪರದೆ ನೋಡಿದರು, ನೀಲಾಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಂಜೆಯೊಳಗೆ ಕಾರಣ ಸಿಗದಿದ್ದರೆ ಬಳೆಗಳನ್ನೆಲ್ಲ ವಾಪಸು ತರಿಸಿ ಹಳೆಯ ಬೀಗವನ್ನೇ ಹಾಕುವುದಾಗಿ ತಣ್ಣಗೆ ಹೇಳಿದರು. ಎಲ್ಲ ಮಕ್ಕಳೂ ನಿನ್ನೆಯ ಅಳತೆಯ ಮೇಲೆ ಒಂದು ದಿನ ತಳ್ಳಬಲ್ಲವು, ಚಿಂತೆಯಿಲ್ಲ ಎಂದು ನೀಲಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹನ್ನೊಂದೂಕಾಲಿಗೆ ಹರಪನಹಳ್ಳಿಯಿಂದ ಹಾಲಮ್ಮನ ಕರೆ ಬಂತು.

ಹದಿನೇಳನೆಯ ಬಳೆ ಹಾಲಮ್ಮನದು. ಐವತ್ತೆಂಟರ ಹೆಂಗಸು, ಅಳತೆಯಮ್ಮಂದಿರಲ್ಲೇ ಹಳಬಳು. ಕರೆ ಬಂದದ್ದು ಏಳು ವರ್ಷದ ಮಂದಾರಳ ಮನೆಯ ಅಡುಗೆಮನೆಯಿಂದ. ಪರದೆಯಲ್ಲಿ ಒಲೆ, ತಕ್ಕಡಿ, ಮೂರು ಪುಡಿಯ ಡಬ್ಬಿಗಳು ಕಂಡವು. ಹಿಂದೆ ಚಾಪೆಯ ಮೇಲೆ ಮಂದಾರ ತಾಯಿಯ ತೊಡೆಗೆ ತಲೆಯಿಟ್ಟು ಮಲಗಿದ್ದಳು.

"ತಂಗಿ, ಹುಡುಗಿಗೆ ಬೆಳಗಿನಿಂದ ಜ್ವರ," ಅಂದಳು ಹಾಲಮ್ಮ. "ಮೈಯಾಗಿಂದ ಬೆಲ್ಲದ ಪಾಕದ ವಾಸನಿ ಬರಾಕತ್ತೈತಿ. ಈ ಬಳಿ ನೋಡಿದ್ರ ಸುಮ್ನ ಕುಂತೈತಿ."

ಪಾಕದ ವಾಸನೆ ಅಂದದ್ದೇ ನೀಲಾಳ ಪಕ್ಕದಲ್ಲಿದ್ದ ಪಂಚಾಕ್ಷರಿಗಳು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಮಂದಾರಳ ಮೈಗೆ ಪ್ರೋಟೀನಿನೊಳಗಿನ ಮೂರು ತುಣುಕುಗಳನ್ನು ಕರಗಿಸುವ ಶಕ್ತಿಯಿಲ್ಲ. ಕರಗದೆ ಉಳಿದದ್ದು ರಕ್ತದಲ್ಲಿ ಸೇರಿ ಮಿದುಳಿಗೆ ಏರುತ್ತದೆ. ಹಾಗೆ ಏರುವಾಗ ಮಗುವಿನ ಬೆವರು, ಉಚ್ಚೆಯೆಲ್ಲ ಪಾಕದ ಹಾಗೆ ಸಿಹಿ ವಾಸನೆ ಹೊಡೆಯುತ್ತದೆ. ಜ್ವರ ಬಂದರಂತೂ ಮಗು ಏನೂ ತಿನ್ನದಿದ್ದರೂ ಮೈ ತನ್ನ ಮಾಂಸವನ್ನೇ ಕರಗಿಸಿ ಆ ವಿಷ ಮಾಡಿಕೊಳ್ಳುತ್ತದೆ. ಅದನ್ನು ಇಳಿಸುವುದು ಆ ಮೂರು ಪುಡಿಗಳು. ಯಾವುದು ಎಷ್ಟು ಎಂಬ ಲೆಕ್ಕ ಮಂದಾರಳ ವಂಶವಾಹಿಗೂ ಇವತ್ತಿನ ರಕ್ತಕ್ಕೂ ಹೊಂದಬೇಕು. ಆ ಲೆಕ್ಕ ಇರುವುದು ಕಡತದಲ್ಲಿ ಮಾತ್ರ. ಅಂದಾಜಿನಲ್ಲಿ ಕೊಟ್ಟು ಹೆಚ್ಚುಕಡಿಮೆಯಾದರೆ ಮಿದುಳು ಊದುತ್ತದೆ. ಆಸ್ಪತ್ರೆಗೆ ಕರೆದೊಯ್ದರೂ ಅಲ್ಲಿನವರು ಕೇಳುವುದು ಇದೇ ಕಡತವನ್ನೇ.

ಪಂಚಾಕ್ಷರಿಗಳು ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಿರಲು ಹೇಳಿದರು. ಅದು ಮೈಮಾಂಸ ಕರಗುವುದನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಎಷ್ಟು ಹೊತ್ತು ಎಂದು ನೀಲಾ ಕೇಳಿದಳು. ಸಂಜೆ ನಾಲ್ಕು ಗಂಟೆಯ ತನಕ ಇರಬಹುದು ಅಂದರು ಅವರು. ಹಾಗಾದರೆ ಮುದ್ರೆ ತೆಗೆಯಿರಿ ಸರ್ ಎಂದು ಅವಳು ಗೋಗರೆದಳು. ತೆಗೆಯುವ ಕೈ ತಮ್ಮಲ್ಲೂ ಇಲ್ಲ, ಯಾರ ಕಣ್ಣೀರಿಗೂ ಕರಗಬಾರದೆಂದೇ ತಾವು ಹಾಗೆ ಮಾಡಿಸಿದ್ದು, ಕಾರಣ ಬರೆದರಷ್ಟೇ ಅದು ತೆರೆಯುವುದು ಎಂದು ಹೇಳುವಾಗ ಆ ದೊಡ್ಡ ಮನುಷ್ಯನ ದನಿ ಸಣ್ಣಗಾಗಿತ್ತು.

ಮೂರು ಗಂಟೆ ಹೊತ್ತು ನೀಲಾ ಹುಚ್ಚು ಹಿಡಿದವಳಂತೆ ದಾಖಲೆ ಜಾಲಾಡಿದಳು. ದಾಖಲೆಯಲ್ಲಿ ಹಳದಿ, ಹಸಿರು, ಮತ್ತೆ ಹಳದಿ, ಇಷ್ಟೇ. ಅಡುಗೆಮನೆಯ ಮಾತು ಹೊರಗೆ ಹೋಗಬಾರದೆಂದು ಬಳೆ ಕೇಳಿದ ಮಾತನ್ನು ಬಳೆಯಲ್ಲೇ ಅಳಿಸಿಬಿಡುವ ಹಾಗೆ ಅವಳೇ ಮಾಡಿದ್ದಳು. ಕಳ್ಳ ಹೊರಗಿನಿಂದ ಬಂದ ಗುರುತು ಎಲ್ಲೂ ಇಲ್ಲ. ಹಾಗಾದರೆ ಒಳಗಿನವರೇ ಯಾರೋ ಎಂದಾಯಿತು. ಅಷ್ಟು ದಿನ ಅಕ್ಕಾ ಅಕ್ಕಾ ಎಂದು ಮಾತಾಡಿಸಿದ ಹೆಂಗಸರ ಮೇಲೆ ಅನುಮಾನ ಪಡಬೇಕಾಗಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಎರಡೂವರೆಗೆ ಹಾಲಮ್ಮ ಮತ್ತೆ ಕರೆ ಮಾಡಿದಳು. ಹುಡುಗಿ ಸಕ್ಕರೆ ನೀರು ಕುಡಿಯುತ್ತಿದ್ದಾಳೆ, ಆದರೆ ಕರೆದರೆ ತಡವಾಗಿ ಓಗೊಡುತ್ತಾಳೆ, ಕಣ್ಣು ಬಿಟ್ಟು ನೋಡಿದರೂ ನೋಡಿದ ಹಾಗಿಲ್ಲ ಅಂದಳು. ಇನ್ನೊಂದು ಲೋಟ ಸಕ್ಕರೆ ನೀರು ಕದಡಬೇಕು, ಬರ್ತೀನಿ ತಂಗಿ, ಎಂದು ಹಾಲಮ್ಮ ಕರೆ ಮುಗಿಸಿದಳು.

ಗೋಡೆಯ ಪರದೆಯ ಅಡಿಯಲ್ಲಿ ಒಂದು ಸಾಲು ಮೂಡಿತು. 'ಹದಿನೇಳನೆಯ ಬಳೆ ಬಾಗಿಲು ತಟ್ಟುತ್ತಿದೆ.'

ನೀಲಾ ಅದನ್ನೇ ನೋಡಿದಳು. ಹಾಲಮ್ಮ ಕಡತ ಕೇಳಲಿಲ್ಲ, ಬಳೆ ಮುಟ್ಟಲಿಲ್ಲ. ಕರೆ ಮುಗಿಸಿದಳು, ಅಷ್ಟೇ. ಮುಗಿಸುವಾಗ ಏನಂದಳು? ಅವಳು ತಿರುಗಿ ಕರೆ ಹಚ್ಚಿದಳು.

ಕೆಲಸ ಮುಗಿಸಿ ಮಂದಾರಳ ಮನೆಯಿಂದ ಹೊರಡುವಾಗ ದಿನಾ ಏನು ಹೇಳುತ್ತೀರಿ ಎಂದು ಕೇಳಿದರೆ ಹಾಲಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲ್ಲರೂ ಏನು ಹೇಳುತ್ತಾರೋ ಅದನ್ನೇ ಹೇಳುತ್ತೇನೆ, ಬರ್ತೀನವ್ವ ಅನ್ನುತ್ತೇನೆ, ಅಂದಳು. ತರಬೇತಿಯಲ್ಲಿ 'ಹೋಗ್ತೀನಿ' ಅನ್ನಲು ಹೇಳಿಕೊಟ್ಟಿದ್ದೆವಲ್ಲ ಎಂದು ನೀಲಾ ನೆನಪಿಸಿದಳು. ಎರಡೂ ಒಂದೇ ಅಲ್ಲವೇ ಎಂಬುದು ಹಾಲಮ್ಮನ ಪ್ರಶ್ನೆ. ಮುದ್ರೆ ಬಿದ್ದಿದ್ದರೂ ಬಳೆ ಯಾವ ಮಾತಿಗೆ ಏನು ಮಾಡುತ್ತದೆಂಬುದು ಪರದೆಯ ಮೇಲೆ ಬರುತ್ತದೆ, ಪರೀಕ್ಷೆಗೆ ಒಂದೇ ಒಂದು ಸಲ 'ಹೋಗ್ತೀನಿ' ಅಂದುಬಿಡಿ ಎಂದು ನೀಲಾ ಕೇಳಿಕೊಂಡಳು.

ಹಾಲಮ್ಮ ಚಾಪೆಯ ಕಡೆ ತಿರುಗಿ ನೋಡಿದಳು. ಆಮೇಲೆ ಪರದೆಗೆ ಹತ್ತಿರ ಬಂದು ದನಿ ತಗ್ಗಿಸಿದಳು.

"ಜಡ್ಡು ಬಿದ್ದ ಕೂಸಿನ ಮನಿಯಾಗ ನಿಂತು ನಾ ಆ ಮಾತು ಆಡಂಗಿಲ್ಲ. ನೀ ಕೆಲಸದಿಂದ ತೆಗದರೂ ಸೈ."

ನೀಲಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಸಿಟ್ಟಿಗಲ್ಲ. ಎರಡು ವರ್ಷ ಆ ಮಾತನ್ನು ಚೀಟಿಯಲ್ಲಿ ಬರೆದು ಬರೆದು ಓದಿಸಿದ್ದಳು, ತಾನೇ ಬೆಳಗ್ಗೆ ಮನೆ ಬಿಡುವಾಗ ಅವ್ವನಿಗೆ ಒಂದು ದಿನವಾದರೂ ಹಾಗಂದಿದ್ದಳೇ? ಮನೆ ಬಿಡುವವರು 'ಹೋಗ್ತೀನಿ' ಅಂದರೆ ಹಿರಿಯರು ಬಾಯಿ ಮೇಲೆ ಹೊಡೆದು, ಬರ್ತೀನಿ ಅನ್ನು, ಎಂದು ತಿದ್ದುವ ಊರಿನಲ್ಲಿ ಹುಟ್ಟಿ ಬೆಳೆದವಳು ಅವಳು. ನಲವತ್ತಮೂರು ಹೆಂಗಸರು, ದಿನಕ್ಕೆ ನಾಲ್ಕೈದು ಕಾಯಿಲೆಯ ಮನೆ, ಪ್ರತಿ ಮನೆಯಿಂದ ಹೊರಡುವಾಗ ಬಾಯಿ ತುಂಬ 'ಬರ್ತೀನಿ'. ಬಳೆ ಪಾಪ, ಅಮ್ಮ ಬರುತ್ತಿದ್ದಾಳೆಂದು ನಂಬಿ ಕಡತ ಹೊರತಂದು ಕಾದು ಕೂತಿದೆ. ಕಳ್ಳನೂ ಇಲ್ಲ, ದಾಳಿಯೂ ಇಲ್ಲ.

ಅವಳು ಪಂಚಾಕ್ಷರಿಗಳ ಕೋಣೆಗೆ ಓಡಿದಳು. ಅವರು ಕೇಳಿಸಿಕೊಂಡರು, ಆದರೆ ನಂಬಲಿಲ್ಲ. ಒಬ್ಬ ಹಾಲಮ್ಮ ಹಾಗನ್ನಬಹುದು, ಓದಿ ಬರೆದವರೂ ಇದ್ದಾರೆ, ತರಬೇತಿ ಪಡೆದವರು ಎಲ್ಲರೂ ಒಂದೇ ತಪ್ಪು ಮಾಡುತ್ತಾರೆಯೇ ಎಂಬುದು ಅವರ ಅನುಮಾನ. ಇಬ್ಬರು ಕಣ್ಣಾರೆ ಕಾಣಬೇಕೆಂಬ ನಿಯಮವೂ ಇತ್ತು. ನೀಲಾ ತನ್ನ ಜೇಬಿನಿಂದ ತರಬೇತಿಯ ಬಳೆ ತೆಗೆದಳು. ಅದಕ್ಕೆ ಕಟ್ಟಿದ್ದು ಖಾಲಿ ಕಡತ, ಮುದ್ರೆ ಅದಕ್ಕೆ ತಾಗುವುದಿಲ್ಲ. ಹತ್ತು ನಿಮಿಷ ಇದನ್ನು ತೊಟ್ಟುಕೊಂಡಿರಿ ಸರ್, ಬೇರೆ ಏನೂ ಬೇಡ, ಎಂದು ಕೇಳಿಕೊಂಡಳು. ಅರವತ್ತು ವರ್ಷದ ನಿರ್ದೇಶಕರು ದಪ್ಪ ಮಣಿಕಟ್ಟಿಗೆ ಹಸಿರು ಬಳೆ ಏರಿಸಿಕೊಂಡು ಕೂತರು. ಬೇರೆ ದಿನವಾಗಿದ್ದರೆ ಇಡೀ ಕೇಂದ್ರ ನಗುತ್ತಿತ್ತು.

ಬಳೆ ಅವರ ನಾಡಿ ಕಲಿತುಕೊಳ್ಳುವಷ್ಟರಲ್ಲಿ ಅವರಿಗೆ ಮಂದಾರಳ ತಾಯಿಯ ಕರೆ ಬಂತು. ಆಕೆ ಅಳುತ್ತಿದ್ದಳು. ಪಂಚಾಕ್ಷರಿಗಳು ಬಳೆಯನ್ನು ಮರೆತೇಬಿಟ್ಟರು. ಉಸಿರು ಹೇಗಿದೆ, ಕೈಕಾಲು ಬಿಗಿಯುತ್ತಿದೆಯೇ ಎಂದು ಒಂದೊಂದಾಗಿ ಕೇಳಿದರು. ಆಂಬುಲೆನ್ಸ್ ಮನೆ ಬಾಗಿಲಿಗೆ ಬಂದು ನಿಲ್ಲುವಂತೆ ಹೇಳಿರುವುದಾಗಿ ತಿಳಿಸಿದರು. ಕೊನೆಗೆ ಮೂವತ್ತು ವರ್ಷದ ರೂಢಿಯಲ್ಲಿ, ತಮಗೇ ಗೊತ್ತಿಲ್ಲದೆ, ಆ ಮಾತು ಅವರ ಬಾಯಿಂದ ಬಂತು.

"ಧೈರ್ಯವಾಗಿರು ತಾಯಿ, ಬರ್ತೀನಿ."

ಮಣಿಕಟ್ಟಿನ ಮೇಲೆ ಹಳದಿ ದೀಪ ಹತ್ತಿತು.

ಪಂಚಾಕ್ಷರಿಗಳು ಅದನ್ನು ನೋಡಿದರು, ನೀಲಾಳನ್ನು ನೋಡಿದರು. ಮುದ್ರೆಯ ನಮೂನೆಯನ್ನು ಎಳೆದುಕೊಂಡರು. ಕಾರಣದ ಕಾಲಮಿನಲ್ಲಿ ಆರಿಸಿಕೊಳ್ಳಲು ಹದಿನಾಲ್ಕು ಬಗೆಯ ದಾಳಿಗಳ ಹೆಸರಿತ್ತು, ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. 'ಇತರೆ' ಎಂಬ ಕಡೆ ಅವರು ದಪ್ಪ ಅಕ್ಷರದಲ್ಲಿ ಬರೆದರು: 'ಬಳೆಗೆ ಕನ್ನಡ ಪೂರ್ತಿ ಬರುವುದಿಲ್ಲ. ಬರ್ತೀನಿ ಎಂದರೆ ಹೊರಟೆ ಎಂದೂ ಅರ್ಥ.' ಇಬ್ಬರೂ ಸಹಿ ಹಾಕಿದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಗೋಡೆಯ ಮೇಲಿನ ಕೆಂಪು ದೀಪಗಳು ಒಂದೊಂದಾಗಿ ಆರಿದವು, ಹಾಲಮ್ಮ 'ಬಂದೆ' ಅಂದದ್ದೇ ಹದಿನೇಳನೆಯದು ನೇರವಾಗಿ ಹಸಿರಾಯಿತು.

ಹಾಲಮ್ಮ ತಕ್ಕಡಿಯ ಮುಂದೆ ಕೂತೇ ಇದ್ದಳು. ಕಡತ ಬೆಳಗಿನ ರಕ್ತ ಬೇಡ ಅಂದಿತು, ಹೊಸ ಹನಿ ಕೇಳಿತು. ಕೊಟ್ಟಳು. ಮೂರು ಪುಡಿಯ ಅಳತೆ ಬಂತು. ಒಂದು ನಿನ್ನೆಗಿಂತ ದುಪ್ಪಟ್ಟು, ಇನ್ನೊಂದು ಚಿಟಿಕೆಗಿಂತ ಕಡಿಮೆ. ಅಂದಾಜಿನಲ್ಲಿ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಲಿಕ್ಕೂ ನೀಲಾಳಿಗೆ ಭಯವಾಯಿತು. ಹಾಲಮ್ಮ ಅಳೆದಳು, ಕದಡಿದಳು, ಹುಡುಗಿಯ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಪಂಚಾಕ್ಷರಿಗಳು ಪರದೆಯ ಮುಂದಿನಿಂದ ಏಳಲಿಲ್ಲ, ಗಂಟೆಗೊಮ್ಮೆ ಹೊಸ ಹನಿಯ ಲೆಕ್ಕ ನೋಡುತ್ತಿದ್ದರು.

ಅಷ್ಟರೊಳಗೆ ನೀಲಾ ಅಷ್ಟೂ ಸುಳ್ಳು ಕರೆಗಳನ್ನು ಒಂದೊಂದಾಗಿ ತಾಳೆ ನೋಡಿದಳು. ಬಾಗಿಲಲ್ಲಿ ಕಾದ ಯಾವ ಕಡತವನ್ನೂ ಯಾರೂ ಓದಿರಲಿಲ್ಲ. ನಾಡಿ ಕೂಡದೆ ಅದು ತೆರೆಯುವುದೂ ಇಲ್ಲ. ಮದುವೆಯ ವಯಸ್ಸಿನ ಇಪ್ಪತ್ತೆರಡು ಹುಡುಗಿಯರ ಕಡತಗಳನ್ನು ಅವಳು ಎರಡೆರಡು ಸಲ ನೋಡಿದಳು. ಎಲ್ಲವೂ ಇದ್ದಲ್ಲೇ ಇದ್ದವು. ಅವಳು ಬೆಳಗಿನಿಂದ ಮೊದಲ ಸಲ ನೀರು ಕುಡಿದಳು. ಮೂರನೆಯ ಮಾತನ್ನು ಬಳೆಯಿಂದ ಅಳಿಸಿಹಾಕಿದಳು. ಇನ್ನು ಮೇಲೆ ಬಳೆ ಮಾತಿನ ಜೊತೆ ಹೆಜ್ಜೆಯನ್ನೂ ನೋಡಬೇಕು, ಮನೆಯೊಳಗಿನಿಂದ 'ಬರ್ತೀನಿ' ಅಂದರೆ ಸುಮ್ಮನಿರಬೇಕು, ಹೊಸ್ತಿಲು ದಾಟಿ ಹೊರಗೆ ಹೋದರೆ ಮುಚ್ಚಬೇಕು. ಇಪ್ಪತ್ತು ನಿಮಿಷದ ಕೆಲಸ. ಪಂಚಾಕ್ಷರಿಗಳು ಅದನ್ನು ನೋಡಿ, ಬಳೆಗಳು ಇರಲಿ, ಚೀಟಿ ಬರೆಯುವ ಮುಂಚೆ ಇನ್ನು ಹಾಲಮ್ಮನನ್ನು ಕೇಳು, ಅಂದರು.

ಐದೂಮುಕ್ಕಾಲಿಗೆ ರಕ್ತದ ಲೆಕ್ಕ ಇಳಿಮುಖವಾಯಿತು. ಪಾಕದ ವಾಸನೆ ಕಡಿಮೆಯಾಗಿದೆ ಎಂದು ಹಾಲಮ್ಮ ಹುಡುಗಿಯ ನೆತ್ತಿ ಮೂಸಿ ಹೇಳಿದಳು. ಆದರೂ ಪಂಚಾಕ್ಷರಿಗಳ ಮುಖ ಬಿಚ್ಚಿಕೊಳ್ಳಲಿಲ್ಲ. ವಿಷ ಇಳಿದರೂ ಅದು ಮಿದುಳಿಗೆ ಏನು ಮಾಡಿ ಹೋಗಿದೆಯೆಂದು ರಕ್ತ ಹೇಳುವುದಿಲ್ಲ, ಹುಡುಗಿಯೇ ಹೇಳಬೇಕು. ಎಬ್ಬಿಸಿ ಏನಾದರೂ ಸುಲಭದ ಪ್ರಶ್ನೆ ಕೇಳಲು ಅವರು ಹೇಳಿದರು. ಹಾಲಮ್ಮ ಮಂದಾರಳನ್ನು ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡಳು. ಈ ಕಡೆ ನಿಯಂತ್ರಣ ಕೋಣೆಯಲ್ಲಿ ನೀಲಾ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ನಿನ್ನ ಹೆಸರೇನವ್ವ?" ಎಂದಳು ಹಾಲಮ್ಮ.

ಹುಡುಗಿ ತುಂಬ ಹೊತ್ತು ಅವಳ ಮುಖ ನೋಡಿದಳು. ಆಮೇಲೆ, ಜ್ವರ ಇದೆಯೇ ಎಂದು ದೊಡ್ಡವರು ಮುಟ್ಟಿ ನೋಡುವ ಹಾಗೆ, ಹಾಲಮ್ಮನ ಹಣೆಯನ್ನೇ ಮುಟ್ಟಿ ನೋಡಿದಳು.

"ಯಾಕಜ್ಜಿ, ಮರತ್ಯಾ?"